ಬಸುರಿಯರ ಬಿಡದಿ

ಹೆರಿಗೆಯಲ್ಲಿ ತಾಯಂದಿರು ಎಲ್ಲೆಲ್ಲಿ ಸಾಯುತ್ತಾರೋ ಅಲ್ಲಿಗೆ ಹೋಗಿ, ಏಕೆ ಸಾಯುತ್ತಾರೆಂದು ಬರೆದು ತರುವುದು ಶೈಲಜಾಳ ಕೆಲಸ. ಅಟ್ಲಾಂಟಾದ ಒಂದು ಆರೋಗ್ಯ ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. 2022ರಲ್ಲಿ ಅವಳನ್ನು ಇಂಡೋನೇಷ್ಯಾದ ಸುಂಬಾ ದ್ವೀಪಕ್ಕೆ, ವಾಯ್‌ರಂಬಾ ಎಂಬ ಹಳ್ಳಿಗೆ ಕಳಿಸಿದ ಕಾರಣ ಮಾತ್ರ ವಿಚಿತ್ರವಾಗಿತ್ತು. ಅಲ್ಲಿ ಏಳು ವರ್ಷದಿಂದ ಒಬ್ಬ ತಾಯಿಯೂ ಸತ್ತಿರಲಿಲ್ಲ. ಅಷ್ಟು ಬಡ ಊರಿನಲ್ಲಿ ಅದು ಹೇಗೆ ಸಾಧ್ಯ, ದಾಖಲೆಯಲ್ಲೇ ಏನೋ ತಪ್ಪಿರಬೇಕು, ಹುಡುಕಿಕೊಂಡು ಬಾ ಎಂದು ಮೇಲಿನವರು ಹೇಳಿದ್ದರು. ಅವಳಿಗೂ ಹಾಗೇ ಅನ್ನಿಸಿತ್ತು.

ಜೀಪು ಒಂದು ಹೊಳೆಯ ದಂಡೆಯವರೆಗೆ ಹೋಗಿ ನಿಂತುಬಿಟ್ಟಿತು. ಅಲ್ಲಿಂದ ಆಚೆಗೆ ಮೂರು ಗಂಟೆ ಕಾಲ್ನಡಿಗೆ. ಬೋಳು ಗುಡ್ಡಗಳು, ಒಣಹುಲ್ಲು, ಅಲ್ಲಲ್ಲಿ ಮೇಯುವ ಗಿಡ್ಡ ಕುದುರೆಗಳು. ಗುಡ್ಡದ ನೆತ್ತಿಯ ಮೇಲೆ ಹುಲ್ಲು ಹೊದಿಸಿದ, ಗೋಪುರದಂಥ ಚಾವಣಿಯ ಮನೆಗಳು. ನೀರೆಂದರೆ ಗುಡ್ಡದ ಬುಡದ ತೊರೆಯದೇ. ಕೋಳಿ ಕೂಗುವ ಮುಂಚೆ ಹೆಂಗಸರು ಡಬ್ಬ ಹೊತ್ತು ಇಳಿಯುತ್ತಿದ್ದರು. ಕರೆಂಟಿರಲಿಲ್ಲ. ಶಾಲೆಗೆ ಒಬ್ಬರೇ ಮೇಷ್ಟ್ರು, ಅವರಿಗೆ ಮಲೇರಿಯಾ ಬಂದರೆ ಊರ ಮಕ್ಕಳಿಗೆಲ್ಲ ರಜೆ. ಅಟ್ಟದ ಮುಸುಕಿನ ಜೋಳ ಮುಗಿದು ಹೊಸ ಬೆಳೆ ಕೈಗೆ ಬರುವವರೆಗಿನ ಎರಡು ತಿಂಗಳು ಕಾಡಿನ ಗೆಡ್ಡೆಯೇ ಗತಿ. ಅದನ್ನೂ ಹರಿಯುವ ನೀರಲ್ಲಿ ಮೂರು ದಿನ ನೆನೆಹಾಕಿ ನಂಜು ತೆಗೆದೇ ತಿನ್ನಬೇಕು. ಶೈಲಜಾ ಮೊದಲ ವಾರ ತನ್ನ ಪುಸ್ತಕದಲ್ಲಿ 'ಇಲ್ಲ' ಎಂಬ ಪದವನ್ನು ಎಷ್ಟು ಸಲ ಬರೆದಳೋ ಅವಳಿಗೇ ಗೊತ್ತಿಲ್ಲ.

ಊರಿನ ಸೂಲಗಿತ್ತಿ ರಂಬು ಯುಲಿ. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. 2014ರ ಮಳೆಗಾಲದಲ್ಲಿ ಅವಳ ಸ್ವಂತ ತಂಗಿಯೇ ಆಚೆಯ ಆಸ್ಪತ್ರೆಗೆಂದು ಹೊರಟು ಹೊಳೆಯ ಈಚೆ ದಡದಲ್ಲಿ, ನೆರೆ ಇಳಿಯಲೆಂದು ಕಾಯುತ್ತ, ಹೆರಿಗೆ ಕಷ್ಟವಾಗಿ ತೀರಿಕೊಂಡಿದ್ದಳು. ಮಣ್ಣು ಮಾಡಿದ ಮೇಲೆ ರಂಬು ಊರ ಹಿರಿಯರನ್ನು ಕೂರಿಸಿ ಹೇಳಿದಳಂತೆ: "ಹೊಳೆ ಜಾಗ ಬಿಟ್ಟು ಕದಲಲ್ಲ. ಆಸ್ಪತ್ರೆ ಇಲ್ಲಿಗೆ ಬರಲ್ಲ. ಬಸುರಿಯರಿಗೆ ಕಾಲಿದೆಯಲ್ಲ."

ಹೊಳೆಯ ಆಚೆಗೆ, ಆಸ್ಪತ್ರೆಗೆ ಕೂಗಳತೆಯಲ್ಲಿ, ಊರವರೇ ಬಿದಿರು ಹೊತ್ತು ಒಂದು ಮನೆ ಕಟ್ಟಿದರು. ಎಂಟು ತಿಂಗಳು ತುಂಬಿದ ಕೂಡಲೇ ಬಸುರಿಯನ್ನು ಅಲ್ಲಿಗೆ ಕರೆದೊಯ್ಯುವುದು, ನಡೆಯಲಾಗದವಳನ್ನು ಜೋಲಿಯಲ್ಲಿ ಹೊರುವುದು. ಅವಳ ಪಾಲಿನ ನೀರು, ಹಿರಿಯ ಮಕ್ಕಳ ಊಟ ನೆರೆಮನೆಯವರ ಹೊಣೆ. ಹಸಿವಿನ ತಿಂಗಳಲ್ಲೂ ಪ್ರತಿ ಮನೆಯಿಂದ ಒಂದು ಬೊಗಸೆ ಜೋಳ ಮೊದಲು ಆ ಮನೆಗೆ ಹೋಗುತ್ತಿತ್ತು.

ಊರವರ ಭಾಷೆ ಕಲಿಯುತ್ತ ಶೈಲಜಾ ಇನ್ನೂರ ಹನ್ನೆರಡು ಮನೆ ತಿರುಗಿದಳು. ಪ್ರತಿ ತಾಯಿಯನ್ನೂ ಕಣ್ಣಾರೆ ಕಂಡಳು. ಐದನೆಯ ತಿಂಗಳಲ್ಲಿ ತನ್ನ ಕಚೇರಿಗೆ ಒಂದೇ ಸಾಲು ಬರೆದಳು: ದಾಖಲೆ ಸರಿಯಿದೆ. ನಂಬುವುದಕ್ಕೆ ಕಚೇರಿಗೆ ಇನ್ನೊಂದು ವರ್ಷ ಬೇಕಾಯಿತು. ಶೈಲಜಾ ಪಟ್ಟು ಬಿಡಲಿಲ್ಲ. ಕೊನೆಗೆ 2024ರ ಅಕ್ಟೋಬರಿನಲ್ಲಿ ಅಟ್ಲಾಂಟಾದ ಸಮ್ಮೇಳನಕ್ಕೆ ರಂಬು ಯುಲಿಗೇ ಆಹ್ವಾನ ಹೋಯಿತು.

ಹೋಟೆಲು ಬೇಡವೆಂದು ಶೈಲಜಾ ಅವಳನ್ನು ಅಟ್ಲಾಂಟಾದ ಹೊರವಲಯದ ಸುವಾನಿಯ ತನ್ನ ಮನೆಗೇ ಕರೆತಂದಳು. ಇಂಡಿಯನ್ ಅಂಗಡಿಯಿಂದ ವೀಳ್ಯದೆಲೆ ತಂದು ತಟ್ಟೆಯಲ್ಲಿಟ್ಟಾಗ ರಂಬು ನಕ್ಕು, ತಮ್ಮಲ್ಲಿ ಎಲೆಯಲ್ಲ, ಆ ಬಳ್ಳಿಯ ಕಾಯಿ ತಿನ್ನುವುದು ಎಂದಳು. ಆದರೆ ಬಂದವರಿಗೆ ಮೊದಲು ತಾಂಬೂಲ ಕೊಡುವ ಮನೆ ಸಿಕ್ಕಿತಲ್ಲ ಎಂದು ಒಂದೆಲೆ ಮಡಿಸಿ ಬಾಯಿಗಿಟ್ಟುಕೊಂಡಳು. ಶೈಲಜಾಳ ಗಂಡ ಗುರುದತ್ತನಿಗೂ ಒಂದು ಮಡಿಸಿ ಕೊಟ್ಟಳು.

ಸಂಜೆ ಪಕ್ಕದ ಬೀದಿಯ ರಾಜಲಕ್ಷ್ಮಿ ಆಂಟಿ ಎರಡು ಸೂಟ್‌ಕೇಸು ತುಂಬ ಹಳೆಯ ಬಟ್ಟೆ ತಂದರು. ಒಳ್ಳೆಯ ಮನಸ್ಸಿನವರು. "ಪಾಪ, ಊರಿಗೆ ತಗೊಂಡ್ ಹೋಗ್ಲಿ, ಎಲ್ಲಾ ವಾಶ್ ಮಾಡಿದೀನಿ," ಎಂದರು. ಶೈಲಜಾಳಿಗೆ ಮುಜುಗರವಾಯಿತು. ರಂಬು ಒಳಗೆ ಹೋಗಿ ಒಂದು ನೀಲಿ ವಸ್ತ್ರ ತಂದು ಹಾಸಿದಳು. ಅದರ ಮೇಲೆ ಕುದುರೆ, ಸೀಗಡಿ, ಹುಂಜಗಳ ಸಾಲು. ನೂಲು ತೆಗೆದು, ಗಂಟು ಕಟ್ಟಿ, ನೀಲಿಯಲ್ಲಿ ಅದ್ದಿ ಅದ್ದಿ ನೇಯಲು ಎರಡು ವರ್ಷ ಹಿಡಿದಿತ್ತು. ಬಟ್ಟೆಗೆ ತಮ್ಮ ಊರಲ್ಲಿ ಕೊರತೆಯಿಲ್ಲ, ಇಲ್ಲಿ ಯಾರಿಗಾದರೂ ಇದ್ದರೆ ಇವನ್ನು ಅವರಿಗೇ ಕೊಡಿ ಎಂದು ಸಮಾಧಾನದಿಂದ ಹೇಳಿದಳು. ಶೈಲಜಾಳ ಮಗಳು ಅಮೂಲ್ಯಾ ಆ ವಸ್ತ್ರದ ಪಕ್ಕದಲ್ಲಿ ಮಂಡಿಯೂರಿ ಬಹಳ ಹೊತ್ತು ಎಳೆಗಳನ್ನೇ ನೋಡಿದಳು. ರಾಜಲಕ್ಷ್ಮಿ ಆಂಟಿಯೂ ಸೂಟ್‌ಕೇಸು ಬದಿಗಿಟ್ಟು ನೆಲದ ಮೇಲೆ ಕೂತರು.

ಮರುದಿನ ಸಭಾಂಗಣದಲ್ಲಿ ನಾನೂರು ಜನ. ರಂಬುವಿನ ಮಾತನ್ನು ಶೈಲಜಾ ಇಂಗ್ಲಿಷಿಗೆ ಹೇಳುತ್ತಿದ್ದಳು. ನಿಮ್ಮ ಹಳ್ಳಿಯಲ್ಲಿ ಏನೇನಿಲ್ಲ ಎಂದು ಸಭೆ ನಡೆಸುವವರು ಕೇಳಿದರು. ರಂಬು ಮುಚ್ಚಿಡಲಿಲ್ಲ. ರಸ್ತೆಯಿಲ್ಲ, ಕರೆಂಟಿಲ್ಲ, ನೀರು ದೂರ, ಎರಡು ತಿಂಗಳು ಹಸಿವು ಎಂದಳು. "ಆದ್ರೆ ಒಬ್ಬಳು ಬಸುರಿಯಾದ್ರೆ ಅದು ಇಡೀ ಊರಿಗೇ ಗೊತ್ತಿರುತ್ತೆ. ಅಷ್ಟರ ಮೇಲೇ ನಾವು ಮನೆ ಕಟ್ಟಿದ್ದು," ಎಂದಳು. ಅದನ್ನು ಇಂಗ್ಲಿಷಿಗೆ ತರಲು ಶೈಲಜಾ ಮೈಕಿನ ಹತ್ತಿರ ಸರಿದಳು. ತಾನು ತಪ್ಪು ಹುಡುಕಲು ಹೋಗಿದ್ದ ಊರು ಇಂದು ತನ್ನ ಬಾಯಲ್ಲಿ ಮಾತಾಡುತ್ತಿದೆ ಎನ್ನಿಸಿ ಅವಳು ನೆಟ್ಟಗೆ ನಿಂತಳು.

ಸಭೆ ಮುಗಿದ ಮೇಲೆ ಡಾರ್ಲೀನ್ ಎಂಬ ನರ್ಸ್ ಹತ್ತಿರ ಬಂದಳು. ಅದೇ ಜಾರ್ಜಿಯಾ ರಾಜ್ಯದ ದಕ್ಷಿಣ ಭಾಗದಲ್ಲಿ, ಕಡಲೆಕಾಯಿ ಹೊಲಗಳ ನಡುವಿನ ಸಣ್ಣ ಊರಿನವಳು. ಅವರ ಕೌಂಟಿಯಲ್ಲಿ ಹೆರಿಗೆ ವಾರ್ಡು ಮುಚ್ಚಿ ಮೂರು ವರ್ಷವಾಗಿತ್ತು. ಹತ್ತಿರದ ಆಸ್ಪತ್ರೆಗೆ ಒಂದೂವರೆ ಗಂಟೆ ಡ್ರೈವ್. ಆ ಬೇಸಿಗೆಯಲ್ಲೇ ಒಬ್ಬಳು ಬಸುರಿ ದಾರಿಯಲ್ಲಿ, ಕಾರಿನಲ್ಲೇ, ಜೀವ ಬಿಟ್ಟಿದ್ದಳು. ಸಹಾಯ ಮಾಡುವ ಮಾತನ್ನು ಡಾರ್ಲೀನ್ ಆಡಲೇ ಇಲ್ಲ. ಆ ಮನೆಯನ್ನು ಹೇಗೆ ನಡೆಸುತ್ತೀರಿ, ನನಗೆ ಕಲಿಸಿಕೊಡುತ್ತೀರಾ ಎಂದು ಕೇಳಿದಳು.

ರಂಬು ವಿಮಾನ ಹತ್ತುವುದು ನಾಲ್ಕು ದಿನದ ನಂತರವಿತ್ತು. ಶೈಲಜಾ ರಜೆ ಹಾಕಿ ಇಬ್ಬರನ್ನೂ ಕೂರಿಸಿಕೊಂಡು ಡ್ರೈವ್ ಮಾಡಿದಳು. ಆ ಊರಿನ ಚರ್ಚಿನಲ್ಲಿ ಮೂವತ್ತು ಜನ ಸೇರಿದ್ದರು. ರಂಬು ಅವರ ಎದುರು ಕೂತು ಯಾರ ಮನೆಯಲ್ಲಿ ಯಾರಿದ್ದಾರೆ, ಯಾರು ಅಡುಗೆ ಮಾಡಬಲ್ಲರು, ಯಾರ ಬಳಿ ಗಟ್ಟಿಯಾದ ಗಾಡಿಯಿದೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದಳು. ಒಬ್ಬ ಮುದುಕಿ, ಬಸುರಿಯರು ತಾವಾಗಿ ಕೇಳಿದರೆ ಊಟ ಕೊಡುತ್ತೇವೆ ಎಂದಾಗ ರಂಬು ಅಡ್ಡಡ್ಡ ತಲೆಯಾಡಿಸಿ, ಕೇಳುವವರೆಗೆ ಕಾಯುವ ಹಾಗಿಲ್ಲ ಎಂದಳು.

ಮುಂದಿನ ಏಪ್ರಿಲಿನಲ್ಲಿ, ಆಸ್ಪತ್ರೆಯಿರುವ ಪಟ್ಟಣದಲ್ಲಿ, ಖಾಲಿ ಬಿದ್ದಿದ್ದ ಪಾದ್ರಿಯ ಮನೆಗೆ ಬಣ್ಣ ಬಳಿದು ನಾಲ್ಕು ಹಾಸಿಗೆ ಹಾಕಿದರು. ಜೂನಿನೊಳಗೆ ಐದು ಮಕ್ಕಳು ಹುಟ್ಟಿದವು, ಐವರು ತಾಯಂದಿರೂ ಮಗುವನ್ನೆತ್ತಿಕೊಂಡು ಊರಿಗೆ ಮರಳಿದರು.

ಆ ಸುದ್ದಿ ಹೇಳಲು ಶೈಲಜಾ, ಡಾರ್ಲೀನಳ ಜೊತೆ ಅದೇ ಮನೆಯ ಜಗುಲಿಯಲ್ಲಿ ಕೂತು ವಿಡಿಯೋ ಕಾಲ್ ಮಾಡಿದಳು. ವಾಯ್‌ರಂಬಾದಲ್ಲಿ ಸಿಗ್ನಲ್ ಸಿಗುವುದು ಮೇಲಿನ ಗುಡ್ಡದಲ್ಲಿ ಮಾತ್ರ. ಅರ್ಧ ಊರೇ ಗುಡ್ಡ ಹತ್ತಿ ಬಂದು ರಂಬುವಿನ ಸುತ್ತ ನಿಂತಿತ್ತು. ಶೈಲಜಾ ಫೋನು ತಿರುಗಿಸಿ ಹಾಸಿಗೆ, ಅಡುಗೆಮನೆ, ತೊಟ್ಟಿಲು ಎಲ್ಲ ತೋರಿಸಿದಳು. ಗುಂಪಿನಿಂದ ಒಬ್ಬ ಹಿರಿಯ ಮುಂದೆ ಬಂದ. ಮೊದಲ ಮನೆಗೆ ಬಿದಿರು ಹೊತ್ತವರಲ್ಲಿ ಒಬ್ಬ.

"ಅವರಿಗೆ ಹೇಳು," ಎಂದ ಆತ, "ಏನಾದ್ರೂ ತೊಂದರೆ ಬಂದ್ರೆ ಸಂಕೋಚ ಬೇಡ. ಹೇಳಿ ಕಳಿಸ್ಲಿ, ನಾವು ಬರ್ತೀವಿ."

ಶೈಲಜಾ ಒಂದಕ್ಷರವನ್ನೂ ಬಿಡದೆ ಡಾರ್ಲೀನಳಿಗೆ ಅದನ್ನು ಹೇಳಿದಳು.