ಅಳಿಸಬೇಕಾದ ರೀಲು

ಹೆಡ್‌ಫೋನಿನ ಸ್ಪಂಜು ಕಿವಿಗೆ ಕಚಗುಳಿಯಿಡುತ್ತಿದೆ, ಅರವತ್ತೊಂಬತ್ತರ ಮುದುಕಿ ದಾಖಲೆ ಕಚೇರಿಯಲ್ಲಿ ಕೂತು ಕಿಸಕ್ಕೆಂದರೆ ಏನು ಚೆನ್ನ, ಯುದ್ಧ ಗೆದ್ದ ನಾಯಕನ ಮಗಳು ಬೇರೆ — ಟೇಪು ಓಡಿಸುವಾಕೆ ಗುಂಡಿಯ ಮೇಲೆ ಬೆರಳಿಟ್ಟು ಹೇಳುತ್ತಾಳೆ, ಇದು ದೋಷದ ರೀಲು ಮೇಡಂ, ಇವತ್ತೇ ಅಳಿಸೋ ಪಟ್ಟಿಗೆ ಹೋಗತ್ತೆ, ಮನೆಯವರು ಉಳಿಸಿ ಅಂತ ಬರೆದುಕೊಟ್ರೆ ಮಾತ್ರ ಉಳಿಯತ್ತೆ, ಕಾರಣ ಬರೀಬೇಕು — ಸರಸರ ಸದ್ದು, ಆಮೇಲೆ ಅಪ್ಪನ ಗಂಟಲು, ದೇಶಕ್ಕೆಲ್ಲ ಬಾಯಿಪಾಠವಾದ ಆ ಮಾತು, ಶತ್ರು ನಮ್ಮ ಬಾಗಿಲಿಗೆ ಬಂದಿದ್ದಾನೆ — ಬಿಕ್.

ಅಣ್ಣ, ಅಯ್ಯೋ ನನ್ನ ಅಣ್ಣ, ಇನ್ಯಾರ ಬಿಕ್ಕಳಿಕೆ ಹೀಗೆ ಕಿಟಕಿ ಅದುರಿಸೀತು, ರಜೆಗೆ ಬಂದವನು ಯೂನಿಫಾರ್ಮನ್ನೂ ಬಿಚ್ಚದೆ ಅಪ್ಪನ ಹಿಂದೆ ರೇಡಿಯೊದವರ ಕೋಣೆಗೆ ನುಗ್ಗಿದ್ದ, ನನಗೆ ಒಂಬತ್ತು, ಹೊರಗೆ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತಿದ್ದೆ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಒಳಗೆ ನಡೆದದ್ದು ಅರವತ್ತು ವರ್ಷ ಗೊತ್ತೇ ಆಗಲಿಲ್ಲ — ಬಿಕ್ — ಹನ್ನೊಂದು ದಿನಕ್ಕೆ ಅವನು ಹೋದ, ಸೇತುವೆ ಕಾಯುತ್ತ, ಚಳಿಗಾಲ ಮುಗಿಯುವಷ್ಟರಲ್ಲಿ ಅಮ್ಮನೂ ಹೋದಳು, ಅಪ್ಪ ಅಳಲಿಲ್ಲವಂತೆ, ನಗಲೂ ಇಲ್ಲವಂತೆ, ಕಲ್ಲೆದೆಯವನಂತೆ, ಪುಸ್ತಕಗಳಲ್ಲೆಲ್ಲ ಹಾಗೇ ಇದೆ, ಇಲ್ಲಿಯ ನಾನೂರು ಪೆಟ್ಟಿಗೆಗಳಲ್ಲಿ ಹಲ್ಲು ಕಾಣುವ ಒಂದು ಫೋಟೋ ಇಲ್ಲ, ಹೆತ್ತ ಅಪ್ಪನನ್ನು ಪುಸ್ತಕ ಓದಿ ತಿಳಿದುಕೊಂಡ ಜಾಣೆ ನಾನು, ನಂಬಿಬಿಟ್ಟಿದ್ದೆ — ತಡಿ, ನಿಲ್ಲಿಸಬೇಡ, ಅಪ್ಪ ಏನೋ ಹೇಳುತ್ತಿದ್ದಾನೆ, ಯಾರೋ ನೆನೆಸ್ಕೋತಿದಾರೆ ಕಣೋ ನಿನ್ನ, ಶತ್ರುನೇ ಇರ್ಬೇಕು, ಅವನನ್ ಬಿಟ್ರೆ ಈಗ ನಮ್ಮನ್ನ ಯಾರು ನೆನೆಸ್ಕೋತಾರೆ — ಆಮೇಲೆ ನಗು, ಮೇಜು ಬಡಿದು, ಉಸಿರು ಸಿಗದೆ, ಹೀಂಯ್ ಹೀಂಯ್ ಎಂದು ಎಳೆದುಕೊಂಡು ನಗುವ ಅಪ್ಪ.

ಹಾಗಾದರೆ ಆ ಮೌನ, ಎರಡನೇ ಸಲ ಓದಿದ್ದನ್ನು ರೇಡಿಯೊ ಬಿತ್ತರಿಸಿತಲ್ಲ, ಅದರಲ್ಲಿ, ಬಂದಿದ್ದಾನೆ ಎಂದ ಮೇಲೆ ಮೂರು ಸೆಕೆಂಡು ಸುಮ್ಮನಾಗುವುದು, ಇಡೀ ನಾಡಿನ ನೋವು ಅದರಲ್ಲಿದೆ ಎಂದು ಪಂಡಿತರು ಬರೆದಿದ್ದೇ ಬರೆದಿದ್ದು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು, ಶಾಲೆಯ ಮಕ್ಕಳು ಎದೆಗೆ ಕೈಯಿಟ್ಟು ಒಂದು ಎರಡು ಮೂರು ಎಣಿಸುತ್ತವೆ — ಸ್ವಾಮಿ, ಅದು ನೋವಲ್ಲ, ಅಪ್ಪ ಬಿಕ್ಕಳಿಕೆಗೆ ಕಾಯುತ್ತಿದ್ದ, ತುಟಿ ಕಚ್ಚಿ, ಎದುರಿಗೆ ಮಗ ಬಾಯಿ ಮುಚ್ಚಿಕೊಂಡು ಕೂತಿದ್ದ — ಅರ್ಜಿ ಕೊಡಮ್ಮ ಎನ್ನುತ್ತೇನೆ, ಕಣ್ಣೀರು ಬಂದರೆ ಬರಲಿ, ಇಷ್ಟು ಖುಷಿ ಯಾವಾಗ ಆಗಿತ್ತೋ, ಆಕೆಯೂ ಮುಖ ತಿರುಗಿಸಿ ನಗುತ್ತಿದ್ದಾಳೆ, ಕಾರಣ ಎಂಬಲ್ಲಿ ಒಂದೇ ಗೆರೆ ಜಾಗ, ಸಾಕು, ಇದರಲ್ಲಿ ಇಬ್ಬರೂ ಬದುಕಿದ್ದಾರೆ ಎಂದು ಬರೆಯುತ್ತೇನೆ, ಇನ್ನೊಂದ್ಸಲ ಹಾಕಮ್ಮ — ಬಾಗಿಲಿಗೆ ಬಂದಿದ್ದಾನೆ — ಬಿಕ್ —