ಗಾಜಿನ ಕಡ್ಡಿಗೆ ಸುತ್ತಿದ ನೂಲು

ಪ್ರಯೋಗಶಾಲೆಯಲ್ಲಿ ಪವಾಡ ನಡೆದರೆ ಮೊದಲು ಬೈಸಿಕೊಳ್ಳುವವಳು ಪಾತ್ರೆ ತೊಳೆಯುವವಳು. ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಆ ಕಟ್ಟಡದ ಮೂರನೆಯ ಮಹಡಿಯಲ್ಲಿ ಗಾಜಿನ ಪ್ಲೇಟು, ಟ್ಯೂಬು, ಫ್ಲಾಸ್ಕುಗಳನ್ನು ತೊಳೆದವಳು ನಾನು. ರೋಗಾಣುಗಳಿಗೆ ಮಾಂಸದ ಸಾರು ಕಾಯಿಸಿ ಬಡಿಸುತ್ತಿದ್ದವಳೂ ನಾನೇ, ಅವು ಚೆನ್ನಾಗಿ ಬೆಳೆದ ಮೇಲೆ ಬಿಸಿನೀರಿನ ತೊಟ್ಟಿಯಲ್ಲಿಟ್ಟು ಕೊಲ್ಲುತ್ತಿದ್ದವಳೂ ನಾನೇ. ಅರವತ್ತೈದು ಡಿಗ್ರಿ, ಅರ್ಧ ಗಂಟೆ. ಥರ್ಮಾಮೀಟರಿನ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ.

“ಉಣ್ಣಿಸಿ ಕೊಲ್ಲೋ ಕೆಲಸ ನಿಂದು,” ಎಂದು ದೊಡ್ಡಮ್ಮ ಆಡಿಕೊಳ್ಳುತ್ತಿದ್ದಳು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ನನ್ನನ್ನು ಸಾಕಿದವಳು. ನಾನು ಹುಟ್ಟಿದ ದಿನವೇ ಅಮ್ಮ ಕಣ್ಣು ಮುಚ್ಚಿದಳು. ಒಂದು ಫೋಟೋ ಇಲ್ಲ, ಒಂದು ಬಟ್ಟೆ ಇಲ್ಲ, ಬಾಚಣಿಗೆ ಕೂಡ ಇಲ್ಲ. ನಾನು ಸಿಟ್ಟು ಮಾಡಿಕೊಂಡಾಗಲೆಲ್ಲ ದೊಡ್ಡಮ್ಮ “ಥೇಟ್ ನಿಮ್ಮಮ್ಮ” ಎನ್ನುವಳು. ನನ್ನ ಎಡಗೈಯ ಕಿರುಬೆರಳು ತುದಿಯಲ್ಲಿ ಒಳಕ್ಕೆ ಬಾಗಿದೆ. ಅದನ್ನು ಹಿಡಿದು ಅಲ್ಲಾಡಿಸಿ “ಇದೂ ಅವಳದ್ದೇ” ಎನ್ನುವಳು.

“ನಾನು ಮುಖಾನೇ ನೋಡದವಳ ಬೆರಳು ನನಗೆ ಹೇಗೆ ಬರತ್ತೆ? ಪೋಸ್ಟಲ್ಲಿ ಬಂತಾ?” ಎಂದು ನಾನು ರೇಗುತ್ತಿದ್ದೆ. ನನಗೆ ಚಿಕ್ಕಂದಿನಿಂದ ಇದ್ದದ್ದು ಒಂದೇ ಕೊರಗು. ಹೋಗುವಾಗ ಅಮ್ಮ ನನಗೆಂದು ಏನನ್ನೂ ಬಿಟ್ಟು ಹೋಗಲಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ.

ನಮ್ಮ ಮಹಡಿಯಲ್ಲಿ ಸಾಕುತ್ತಿದ್ದದ್ದು ನ್ಯುಮೋನಿಯಾ ತರುವ ರೋಗಾಣು. ಅದರಲ್ಲಿ ಎರಡು ಬಗೆ. ಒಂದಕ್ಕೆ ಮೈಮೇಲೆ ಜಾರುವಂಥ ಹೊದಿಕೆ ಇರುತ್ತದೆ. ಪ್ಲೇಟಿನ ಮೇಲೆ ಬೆಳೆದರೆ ನೀರಿನ ಹನಿಯಂತೆ ಮಿರುಗುತ್ತದೆ. ನೋಡಲು ಚೆಂದ, ಆದರೆ ಪ್ರಾಣ ತೆಗೆಯುವುದು ಅದೇ. ಅದಕ್ಕೆ ನಾವು ‘ನುಣುಪು’ ಎನ್ನುತ್ತಿದ್ದೆವು. ಇನ್ನೊಂದು ಹೊದಿಕೆ ಕಳೆದುಕೊಂಡದ್ದು. ಪ್ಲೇಟಿನ ಮೇಲೆ ಸಣ್ಣ ಸಣ್ಣ ಮಂಕು ಚುಕ್ಕೆ, ಇಲಿಗೆ ಚುಚ್ಚಿದರೆ ಇಲಿಗೆ ನೆಗಡಿಯೂ ಬರದು. ಅದು ‘ಒರಟು’. ಒರಟಿಗೆ ಎಷ್ಟು ಸಾರು ಬಡಿಸಿದರೂ, ಅದರ ಮಕ್ಕಳು ಮೊಮ್ಮಕ್ಕಳು ಎಲ್ಲ ಒರಟೇ.

ಒಂದು ಸೋಮವಾರ ನಮ್ಮ ಮಹಡಿಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಜೀವಂತ ಒರಟನ್ನು ತೆಗೆದುಕೊಂಡು, ನಾನು ಕೊಂದಿಟ್ಟ ನುಣುಪಿನ ಜೊತೆ ಒಂದೇ ಟ್ಯೂಬಿನಲ್ಲಿ ಬೆರೆಸಿಟ್ಟರು. ಬುಧವಾರ ಅದರದೊಂದು ಹನಿಯನ್ನು ಪ್ಲೇಟಿನ ಮೇಲೆ ಹರಡಿದರು. ಗುರುವಾರ ಬೆಳಗ್ಗೆ ನೋಡಿದರೆ ಪ್ಲೇಟಿನ ಮೇಲೆ ಮಿರಮಿರ ಮಿರುಗುವ ನುಣುಪು ಹನಿಗಳು! ಸತ್ತವು ಎದ್ದು ಬಂದವೇ? ಅಥವಾ ಬದುಕಿದ್ದವು ಸತ್ತವರ ಅಂಗಿ ತೊಟ್ಟುಕೊಂಡವೇ?

“ಅದೂ ಅಲ್ಲ, ಇದೂ ಅಲ್ಲ,” ಎಂದರು ಅವರ ಕೈಕೆಳಗಿನ ಸಣ್ಣ ಡಾಕ್ಟರು. “ಇವರು ಸರಿಯಾಗಿ ಕಾಯಿಸಿಲ್ಲ. ನುಣುಪು ಸತ್ತೇ ಇಲ್ಲ.”

ಸಣ್ಣ ಡಾಕ್ಟರಿಗೆ ನಾವೆಲ್ಲ ಹಿಂದಿನಿಂದ ಅನುಮಾನಪ್ಪ ಎನ್ನುತ್ತಿದ್ದೆವು. ಗಡಿಯಾರ ಹತ್ತು ಹೊಡೆದರೆ ತನ್ನ ಕೈಗಡಿಯಾರ ನೋಡಿಕೊಳ್ಳುವ ಆಸಾಮಿ. ನನಗೆ ಮೈಯೆಲ್ಲ ಉರಿದುಹೋಯಿತು.

“ಡಾಕ್ಟ್ರೇ, ನನ್ನ ಕೈಯಲ್ಲಿ ಸತ್ತದ್ದು ಸತ್ತ ಹಾಗೇ,” ಎಂದೆ.

“ಬಾಯಲ್ಲಿ ಹೇಳಿದ್ರೆ ಆಗಲ್ಲ. ಪ್ಲೇಟು ನೋಡಿ.”

ಅದೇ ದಿನ ಅವರು ಕಾಗದ ಬರೆದರು. ಇಂಥವರ ಅಜಾಗರೂಕತೆಯಿಂದ ಪ್ರಯೋಗ ಕೆಡುತ್ತಿದೆ, ಇವರನ್ನು ಕೆಲಸದಿಂದ ತೆಗೆಯಬೇಕು ಎಂದು. ದೊಡ್ಡ ಡಾಕ್ಟರು ಸಹಿ ಹಾಕಲಿಲ್ಲ, ಹರಿದೂ ಹಾಕಲಿಲ್ಲ. ತಮ್ಮ ಮೇಜಿನ ಮೇಲೆ ಮಸಿಕುಡಿಕೆಯ ಕೆಳಗೆ ಸಿಕ್ಕಿಸಿಟ್ಟರು. “ನಿಜ ಏನೂಂತ ಗೊತ್ತಾಗ್ಲಿ, ಆಮೇಲೆ ನೋಡೋಣಮ್ಮಾ,” ಎಂದರು. ದಿನಾ ಬೆಳಗ್ಗೆ ಆ ಮೇಜು ಒರೆಸುವವಳೂ ನಾನೇ. ಮಸಿಕುಡಿಕೆ ಎತ್ತಬೇಕು, ಕಾಗದ ಎತ್ತಬೇಕು, ಧೂಳು ಒರೆಸಬೇಕು, ಕಾಗದವನ್ನು ಮತ್ತೆ ಅಲ್ಲೇ ಇಡಬೇಕು. ಕೆಲಸ ಹೋದರೆ ಇನ್ನೊಂದು ಸಿಗುತ್ತಿತ್ತೇನೋ. ಕೈ ಸರಿಯಿಲ್ಲದವಳು ಎಂಬ ಹೆಸರು ಹೊತ್ತು ಹೋಗುವುದು ಮಾತ್ರ ನನ್ನಿಂದ ಸಾಧ್ಯವಿರಲಿಲ್ಲ.

ಮನೆಯಲ್ಲಿ ಹೇಳಿಕೊಂಡು ಅತ್ತುಬಿಟ್ಟೆ. ದೊಡ್ಡಮ್ಮ ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆ ನಡೆಸಿದವಳು. ಅಲ್ಲೊಂದು ಪದ್ಧತಿಯಿತ್ತು. ಏನೇ ಬೇಯಿಸಲಿ, ಅದರಲ್ಲಿ ಒಂದು ಬಟ್ಟಲು ತೆಗೆದಿಡಬೇಕು. ನಾಳೆ ಯಾವ ರೋಗಿಗಾದರೂ ಹೊಟ್ಟೆ ಕೆಟ್ಟರೆ ಬಟ್ಟಲೇ ಸಾಕ್ಷಿ. ಕೆಲಸಕ್ಕೆ ಸೇರಿದ ದಿನವೇ ಆ ಪಾಠ ನನ್ನ ಕಿವಿಗೆ ಬಿದ್ದಿತ್ತು.

“ಅಳ್ತಾ ಕೂತ್ರೆ ಏನು ಬಂತು? ನೀನು ಬಟ್ಟಲು ಎತ್ತಿಟ್ಟಿದೀಯೋ ಇಲ್ವೋ?” ಎಂದಳು.

ಎತ್ತಿಟ್ಟಿದ್ದೆ! ಪ್ರತಿ ಸಲ ಕೊಂದ ಸಾರಿನಲ್ಲಿ ಒಂದು ಟ್ಯೂಬು ತೆಗೆದು, ತಾರೀಖು ಬರೆದು, ರೋಗಾಣು ಬೆಳೆಸುವ ಬೆಚ್ಚನೆಯ ಕಪಾಟಿನ ಕೆಳಗಿನ ಅರೆಯಲ್ಲಿ ಇಡುತ್ತಿದ್ದೆ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಮಾರನೆಯ ದಿನ ಮೂವತ್ತೆಂಟು ಟ್ಯೂಬುಗಳನ್ನು ತಂದು ದೊಡ್ಡ ಡಾಕ್ಟರ ಮುಂದೆ ಸಾಲಾಗಿ ನಿಲ್ಲಿಸಿದೆ. ಅವರು ಒಂದೊಂದರಿಂದಲೂ ಹನಿ ತೆಗೆದು ಪ್ಲೇಟಿಗೆ ಹಾಕಿದರು. ಎರಡು ದಿನ ಕಾದರು. ಮೂವತ್ತೆಂಟರಲ್ಲೂ ಏನೂ ಬೆಳೆಯಲಿಲ್ಲ.

ನಾನು ಅನುಮಾನಪ್ಪನ ಮುಖ ನೋಡಿದೆ. ಅವರು ಗದ್ದ ಕೆರೆದುಕೊಂಡು, “ದೊಡ್ಡ ಫ್ಲಾಸ್ಕಲ್ಲಿ ಒಂದೇ ಒಂದು ಬದುಕಿದ್ರೂ ಸಾಕು ಸರ್. ಅದು ಈ ಸಣ್ಣ ಟ್ಯೂಬಿಗೆ ಬರಲೇಬೇಕು ಅಂತೇನಿಲ್ಲ,” ಎಂದರು.

ಹಾಳಾದ್ದು, ಮಾತು ಸುಳ್ಳಲ್ಲ. ದೊಡ್ಡ ಡಾಕ್ಟರೂ ತಲೆಯಾಡಿಸಿದರು. ಕಾಗದ ಮಸಿಕುಡಿಕೆಯ ಕೆಳಗೇ ಉಳಿಯಿತು.

ಆದರೆ ದೊಡ್ಡ ಡಾಕ್ಟರ ತಲೆಗೆ ಹುಳ ಹೊಕ್ಕಿತ್ತು. ಸತ್ತ ನುಣುಪಿನ ಒಳಗಿನ ಯಾವುದೋ ವಸ್ತು ಹೊರಬಂದು ಒರಟಿನೊಳಗೆ ಸೇರಿ, ಹೊದಿಕೆ ಹೆಣೆಯುವುದು ಹೇಗೆಂದು ಅದಕ್ಕೆ ಹೇಳಿಕೊಡುತ್ತಿದೆಯೇ? ಆ ವಸ್ತು ಯಾವುದು? ಎಲ್ಲರೂ ಹೇಳುತ್ತಿದ್ದದ್ದು ಪ್ರೋಟೀನ್ ಎಂದು. ತಂದೆತಾಯಿಯ ಗುಣ ಮಕ್ಕಳಿಗೆ ಸಾಗಿಸುವಷ್ಟು ಜಾಣತನ ಇರುವುದು ಪ್ರೋಟೀನಿಗೆ ಮಾತ್ರ ಎಂದು. ಜೀವಕೋಶದಲ್ಲಿ ಇನ್ನೊಂದು ಆಮ್ಲವೂ ಇರುತ್ತದೆ, ಈಗ ಶಾಲೆಯ ಮಕ್ಕಳೂ ಡಿಎನ್‌ಎ ಎನ್ನುತ್ತಾರಲ್ಲ, ಅದು. ಆಗ ಅದನ್ನು ಕೇಳುವವರೇ ಇರಲಿಲ್ಲ. ನಾಲ್ಕೇ ನಾಲ್ಕು ತುಣುಕು ಮತ್ತೆ ಮತ್ತೆ ಬರುವ ದಡ್ಡ ವಸ್ತು, ಗೋಡೆಗೆ ಗಾರೆ ಇದ್ದ ಹಾಗೆ ಎಂದು ಪಕ್ಕಕ್ಕೆ ತಳ್ಳಿದ್ದರು.

ವರ್ಷಗಟ್ಟಲೆ ಸೋಸಿದರು. ಹೊದಿಕೆ ತೆಗೆದರು, ಪ್ರೋಟೀನ್ ತೆಗೆದರು, ಕೊಬ್ಬು ತೆಗೆದರು. ಕೊಡಗಟ್ಟಲೆ ಸಾರು ನಾನು ಕಾಯಿಸಿದರೆ ಕೊನೆಗೆ ಉಳಿಯುತ್ತಿದ್ದದ್ದು ಒಂದು ಬಟ್ಟಲು ತಿಳಿನೀರು. ಒಂದು ಮಧ್ಯಾಹ್ನ ದೊಡ್ಡ ಡಾಕ್ಟರು ಆ ತಿಳಿನೀರಿಗೆ ಆಲ್ಕೋಹಾಲ್ ಹನಿಹನಿಯಾಗಿ ಬಿಡುತ್ತ, ಗಾಜಿನ ಕಡ್ಡಿಯಿಂದ ಮೆಲ್ಲಗೆ ತಿರುವುತ್ತಿದ್ದರು. ನಾನು ಫ್ಲಾಸ್ಕು ತೆಗೆದುಕೊಳ್ಳಲು ಒಳಗೆ ಹೋದೆ.

“ಅಲ್ಲೇ ನಿಂತ್ಕೋ. ಅಲ್ಲಾಡ್ಬೇಡ,” ಎಂದರು.

ಏನೂ ಇಲ್ಲದ ನೀರಿನಲ್ಲಿ ಬೆಳ್ಳಗೆ ಏನೋ ಕಾಣಿಸಿಕೊಂಡಿತು. ಮೊದಲು ಹೊಗೆಯಂತೆ, ಆಮೇಲೆ ಎಳೆ ಎಳೆಯಾಗಿ. ಕಡ್ಡಿ ತಿರುಗಿದ ಹಾಗೆಲ್ಲ ಆ ಎಳೆಗಳು ತಾವಾಗಿಯೇ ಬಂದು ಅದಕ್ಕೆ ಸುತ್ತಿಕೊಂಡವು, ಕದಿರಿಗೆ ನೂಲು ಸುತ್ತಿಕೊಂಡ ಹಾಗೆ. ದೊಡ್ಡ ಡಾಕ್ಟರು ಕಡ್ಡಿ ಮೇಲೆತ್ತಿದರು. ಕಿಟಕಿಯ ಬೆಳಕಿನಲ್ಲಿ ಆ ನೂಲು ಒದ್ದೆಯಾಗಿ ಹೊಳೆಯುತ್ತಿತ್ತು. ಅಬ್ಬಾ, ಇಷ್ಟು ದಿನ ನಾನು ಕಾಯಿಸಿದ ಸಾರಿನೊಳಗೆ ಇದು ಅಡಗಿತ್ತೇ!

ಆ ನೂಲಿನ ಒಂದು ಚೂರನ್ನು ನೀರಿನಲ್ಲಿ ಕರಗಿಸಿ ಒರಟಿಗೆ ಸೇರಿಸಿದರೆ, ಒರಟು ನುಣುಪಾಯಿತು. ಆ ನುಣುಪಿನ ಮಕ್ಕಳೂ ನುಣುಪು, ಮೊಮ್ಮಕ್ಕಳೂ ನುಣುಪು. ನೂಲನ್ನು ಪರೀಕ್ಷಿಸಿದರೆ ಅದು ಅದೇ ದಡ್ಡ ಡಿಎನ್‌ಎ.

“ಕಾಯಿಸಿದ್ದು ಸರಿ ಇದ್ರೂ, ತೊಳೆದ ಗಾಜು ಸರಿ ಇದೆಯೋ ಇಲ್ವೋ,” ಎಂದರು ಅನುಮಾನಪ್ಪ. “ಗಾಜಿಗೆ ಅಂಟಿದ್ದ ನುಣುಪು ಜೊತೆಗೆ ಬಂದಿರಬಹುದು. ಅಥವಾ ನೂಲಿಗೆ ಪ್ರೋಟೀನ್ ಅಂಟಿರಬಹುದು.”

ನನ್ನ ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾಲಿಗೆ ಕಚ್ಚಿಕೊಂಡೆ.

ದೊಡ್ಡ ಡಾಕ್ಟರು ಎರಡು ಪುಟ್ಟ ಸೀಸೆ ತಂದಿಟ್ಟರು. ಒಂದರಲ್ಲಿ ಪ್ರೋಟೀನನ್ನು ಮಾತ್ರ ಚೂರು ಮಾಡುವ ರಸ. ಇನ್ನೊಂದರಲ್ಲಿ ಡಿಎನ್‌ಎಯನ್ನು ಮಾತ್ರ ಚೂರು ಮಾಡುವ ರಸ. ಒಂದೇ ನೂಲನ್ನು ಎರಡು ಪಾಲು ಮಾಡಿ, ಒಂದಕ್ಕೆ ಒಂದು ರಸ, ಇನ್ನೊಂದಕ್ಕೆ ಇನ್ನೊಂದು. ಆಮೇಲೆ ಎರಡನ್ನೂ ಒರಟಿನ ಜೊತೆ ಬೆರೆಸುವುದು. ಯಾವುದನ್ನು ಚೂರು ಮಾಡಿದರೆ ಒರಟು ಒರಟಾಗಿಯೇ ಉಳಿಯುತ್ತದೋ, ಗುಣ ಸಾಗಿಸುವುದು ಅದೇ.

ನಾನು ಟ್ಯೂಬುಗಳನ್ನು ಜೋಡಿಸುತ್ತ ಕೇಳಿದೆ: “ಸರ್, ಎರಡಕ್ಕೂ ನಾನು ತೊಳೆದ ಗಾಜೇ ಅಲ್ವಾ?”

“ಹೌದು.”

“ಈ ರಸಗಳಿಂದ ಜೀವಂತ ನುಣುಪು ಸಾಯತ್ತಾ?”

“ಇಲ್ಲ, ಅದರ ಕೂದಲೂ ಕೊಂಕಲ್ಲ.”

“ಹಾಗಾದ್ರೆ ನನ್ನ ಕೈಯಿಂದ ಕಳ್ಳ ನುಣುಪು ಬಂದಿದ್ರೆ ಎರಡು ಪ್ಲೇಟಲ್ಲೂ ಬೆಳೀಬೇಕಲ್ವಾ? ಒಂದರಲ್ಲಿ ಬೆಳೆದು ಇನ್ನೊಂದರಲ್ಲಿ ಬೆಳೀದಿದ್ರೆ?”

ದೊಡ್ಡ ಡಾಕ್ಟರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

“ನೀನು ಹೇಳಿದ್ದು ಸರಿ. ನನಗೆ ಹೊಳೆದೇ ಇರ್ಲಿಲ್ಲಮ್ಮಾ. ನಾನು ನೂಲಿನ ಬಗ್ಗೆ ಯೋಚಿಸ್ತಿದ್ದೆ, ನಿನ್ನ ಬಗ್ಗೆ ಅಲ್ಲ,” ಎಂದರು.

ಪ್ಲೇಟಿಗೆ ಹಾಕಿ ಕಾದ ಎರಡು ದಿನ ನಾನು ಅನ್ನ ತಿಂದೆನೋ ಮಣ್ಣು ತಿಂದೆನೋ ಗೊತ್ತಿಲ್ಲ. ಎರಡರಲ್ಲೂ ನುಣುಪು ಬೆಳೆದರೆ ಕಾಗದಕ್ಕೆ ಸಹಿ ಬೀಳುತ್ತದೆ. ಮೂರನೆಯ ದಿನ ಬೆಳಗ್ಗೆ ಬೇಗ ಬಂದು ಮೇಜು ಒರೆಸಿದೆ, ಕಾಗದವನ್ನು ಮತ್ತೆ ಅಲ್ಲೇ ಇಟ್ಟೆ. ಇಬ್ಬರು ಡಾಕ್ಟರೂ ಬಂದರು. ಬೆಚ್ಚನೆಯ ಕಪಾಟಿನಿಂದ ಪ್ಲೇಟು ತೆಗೆದವರು ಅನುಮಾನಪ್ಪ. ಬೇರೆ ಯಾರ ಕೈಯನ್ನೂ ಅವರು ನಂಬುತ್ತಿರಲಿಲ್ಲ.

ಮೊದಲನೆಯದು, ಪ್ರೋಟೀನ್ ಚೂರಾದದ್ದು. ಮುಚ್ಚಳ ಎತ್ತಿದರು. ಪ್ಲೇಟಿನ ತುಂಬ ನುಣುಪು ಮಿರುಗುತ್ತಿತ್ತು. ಇನ್ನೊಂದರಲ್ಲೂ ಇದೇ ಇದ್ದರೆ ನನ್ನ ಕತೆ ಮುಗಿದ ಹಾಗೆ.

ಎರಡನೆಯದು, ಡಿಎನ್‌ಎ ಚೂರಾದದ್ದು. ಮುಚ್ಚಳ ಎತ್ತಿದರು. ಮಂಕು ಚುಕ್ಕೆಗಳು. ಅನುಮಾನಪ್ಪ ಕಿಟಕಿಯ ಹತ್ತಿರ ಒಯ್ದರು, ಭೂತಗನ್ನಡಿ ಹಿಡಿದರು, ಓರೆ ಮಾಡಿದರು, ಮೂಲೆ ಮೂಲೆ ಹುಡುಕಿದರು. ಒಂದೇ ಒಂದು ನುಣುಪು ಇಲ್ಲ.

ದೊಡ್ಡ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, ತಮ್ಮಷ್ಟಕ್ಕೆ ಎನ್ನುವ ಹಾಗೆ, “ನೂಲೇ. ನೂಲೇ ಹೇಳಿಕೊಡೋದು,” ಎಂದರು. ಅವರ ಕಣ್ಣು ತುಂಬಿತ್ತು. ಆಮೇಲೆ ಮಸಿಕುಡಿಕೆ ಎತ್ತಿ, ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ನಾಲ್ಕು ಮಾಡಿ, ಎಂಟು ಮಾಡಿ, ಕಸದ ಬುಟ್ಟಿಗೆ ಹಾಕಿದೆ.

ಅನುಮಾನಪ್ಪ ನನ್ನ ಹತ್ತಿರ ಬಂದು ನೆಲ ನೋಡುತ್ತ ನಿಂತರು. “ತಪ್ಪಾಯ್ತು. ನಿಮ್ಮ ಕೈಯಷ್ಟು ಚೊಕ್ಕ ಕೈ ನಾನು ನೋಡಿಲ್ಲ.”

“ಹಾಗಾದ್ರೆ ಇವತ್ತು ಪ್ಲೇಟು ನೀವೇ ತೊಳೀರಿ ಡಾಕ್ಟ್ರೇ. ನಿಮ್ಮ ಕೈ ಹೇಗಿದೆ ನಾನೂ ನೋಡ್ತೀನಿ,” ಎಂದೆ. ತೊಳೆದರು, ಪಾಪ. ನಾನು ಮತ್ತೆ ತೊಳೆಯಬೇಕಾಯಿತು.

ಹೊರಡುವ ಮುಂಚೆ ಆ ನೂಲನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಲೇ ಎಂದು ದೊಡ್ಡ ಡಾಕ್ಟರನ್ನು ಕೇಳಿಕೊಂಡೆ. ಅವರು ಉಳಿದಿದ್ದ ನೂಲಿನ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು.

“ಸರ್, ಇದು ರೋಗಾಣುವಿನಲ್ಲಿ ಮಾತ್ರ ಇರತ್ತಾ?”

“ಎಲ್ಲದರಲ್ಲೂ ಇದೆಯಮ್ಮಾ. ಗಿಡದಲ್ಲಿ, ಇಲಿಯಲ್ಲಿ, ನನ್ನಲ್ಲಿ, ನಿನ್ನಲ್ಲಿ. ಎಲ್ಲದರಲ್ಲೂ ಇದೇ ಕೆಲಸ ಮಾಡತ್ತೆ ಅಂತ ನಾನಿನ್ನೂ ತೋರಿಸಿಲ್ಲ. ಆದ್ರೆ ನನ್ನ ಮನಸ್ಸು ಹೌದು ಅನ್ನತ್ತೆ.”

ಕಡ್ಡಿ ಹಿಡಿದ ನನ್ನ ಎಡಗೈಯನ್ನೇ ನೋಡಿದೆ. ಕಿರುಬೆರಳು ಬಾಗಿಕೊಂಡು ಪಕ್ಕದಲ್ಲಿ ನಿಂತಿತ್ತು. ಸತ್ತದ್ದು ಬದುಕಿದ್ದಕ್ಕೆ ಕೊಟ್ಟು ಹೋಗುತ್ತದೆ. ಮುಖ ನೋಡದಿದ್ದರೂ ಕೊಡುತ್ತದೆ. ನನಗೆ ಅಲ್ಲೇ ಅಳು ಬಂತು.

ಸಂಜೆ ಮನೆಗೆ ಹೋಗಿ ಚಪ್ಪಲಿಯನ್ನೂ ಬಿಡದೆ, ಹಾಸಿಗೆ ಮಡಿಸುತ್ತಿದ್ದ ದೊಡ್ಡಮ್ಮನ ಮುಂದೆ ನಿಂತು ಎಲ್ಲ ಹೇಳಿದೆ. ಕಾಗದದ ಕತೆ, ನೂಲಿನ ಕತೆ, ಎರಡು ಪ್ಲೇಟಿನ ಕತೆ. ಕೊನೆಗೆ ಎಡಗೈ ಮುಂದೆ ಚಾಚಿ, “ದೊಡ್ಡಮ್ಮಾ, ಅಮ್ಮ ನನ್ನನ್ನ ಬರಿಗೈಯಲ್ಲಿ ಬಿಟ್ಟು ಹೋಗಿಲ್ಲ,” ಎಂದೆ.

ದೊಡ್ಡಮ್ಮ ನನ್ನ ಕಿರುಬೆರಳನ್ನು ಹಿಡಿದುಕೊಂಡಳು. ಈ ಸಲ ಅಲ್ಲಾಡಿಸಲಿಲ್ಲ.

“ನಲವತ್ತು ವರ್ಷದಿಂದ ನಾನು ಬೇರೆ ಏನು ಹೇಳ್ತಿದ್ದೆ?” ಎಂದಳು. “ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ ನೀನು. ಅದೂ ಅವಳದ್ದೇ.”