ಬಾವಿಯ ಈಜು

ಕೆರೆಯ ನೀರಿನಿಂದ ತಲೆಯೆತ್ತಿ ಪುಟ್ಟರಾಜು ಕಣ್ಣುಜ್ಜಿಕೊಂಡ. ಎದುರಿಗೆ ತೂಬಿನ ಕಲ್ಲು ಇರಬೇಕಿತ್ತು. ಇದ್ದದ್ದು ಬಟ್ಟೆ ಒಗೆಯುವ ಕಲ್ಲು, ಅದರ ಮುಂದೆ ಸೀರೆ ಹಿಂಡುತ್ತ ನಿಂತ ಮರಿತಾಯಮ್ಮ.

"ಅಲ್ಲ ಕಣ್ ಪುಟ್ರಾಜು, ತೂಬಿಗೆ ಓಯ್ತೀನಿ ಅಂತ ಬಿದ್ದೋನು ಇವತ್ತೂ ನನ್ ತಾವ್ಕೇ ಬಂದ್ಯಲ್ಲೋ! ನಾಳಿಕೆ ನಿನ್ ಬಟ್ಟೆನೂ ತಕಬಾ, ಒಗ್ದು ಕೊಡ್ತೀನಿ."

ದಡದಲ್ಲಿದ್ದವರೆಲ್ಲ ಗೊಳ್ಳೆಂದರು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಏರಿಯ ಮೇಲಿದ್ದ ದೊಡ್ಡಪ್ಪನ ಮಗ ಸಿದ್ದರಾಮು ಅದೇನೋ ಅಂದ. ಅದಕ್ಕೆ ಮಂಜುಶ್ರೀ, ಪುಟ್ಟರಾಜು ಕೈಹಿಡಿದ ಹೆಂಡತಿ, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಪುಟ್ಟರಾಜುವಿನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಎದೆಮಟ್ಟ ನೀರಿನಲ್ಲಿ ನಿಂತಿದ್ದರೂ ಆರುವ ಬೆಂಕಿಯಲ್ಲ ಅದು.

ದುದ್ದದ ಆಚೆಯ ಆ ಊರಿನಲ್ಲಿ ಕೆರೆ ಕೋಡಿ ಬಿದ್ದರೆ ಬಾಗಿನವನ್ನು ದಡದಿಂದ ತೇಲಿಬಿಟ್ಟು ಕೈತೊಳೆದುಕೊಳ್ಳುವುದಿಲ್ಲ. ಬಾಳೆದಿಂಡಿನ ತೆಪ್ಪದ ಮೇಲೆ ಜೋಡಿ ಮೊರ ಇಟ್ಟು, ಅದರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಕರಿಯಯ್ಯನ ಮನೆಯ ಗಂಡಸು ಆಚೆ ದಡದಿಂದ ಈಜಿ ಬಂದು ತೂಬಿನ ಕಲ್ಲಿನ ಮೇಲೆ ಇಡಬೇಕು. ಅತ್ತಿತ್ತ ವಾಲಿದರೆ ಗಂಗಮ್ಮ ಮುನಿಯುತ್ತಾಳಂತೆ. ಕರಿಯಯ್ಯನಿಗೆ ಈಗ ಮಂಡಿ ಹಿಡಿದಿದೆ. ಮಗ ಪುಟ್ಟರಾಜು ಈಜಿನಲ್ಲಿ ಹುಲಿ, ಸುಳ್ಳಲ್ಲ. ಆದರೆ ಬಾವಿಯ ಹುಲಿ! ಹುಡುಗನಾಗಿದ್ದಾಗಿನಿಂದ ತೋಟದ ದುಂಡು ಬಾವಿಯಲ್ಲಿ ಎಡಕ್ಕೆ ಸುತ್ತು ಹಾಕಿ ಹಾಕಿ ಪಳಗಿದ ಮೈ. ಕೆರೆಗೆ ಬಿಟ್ಟರೂ ಬಲಗಡೆ ಇಲ್ಲದ ಗೋಡೆಗೆ ಹೆದರಿ ಎಡಕ್ಕೇ ತಿರುಗುತ್ತದೆ. ತುಂಬಿದ ಕೆರೆಯಲ್ಲಿ ತೂಬಿನ ಕಲ್ಲು ಗೇಣುದ್ದ ಮಾತ್ರ ಮೇಲಿರುವುದು, ಈಜುವವನ ಕಣ್ಣಿಗೆ ಅದೂ ಕಾಣದು. ಈ ಸಲ ತಪ್ಪಿದರೆ ಬಾಗಿನದ ಮರ್ಯಾದೆ ಕೆಳಗಿನ ಬೀದಿಯ ಹೊನ್ನಯ್ಯನ ಮನೆಗೆ ಎಂದು ಊರ ಯಜಮಾನರು ಹೇಳಿಯಾಗಿತ್ತು.

ಸಂಜೆ ಮುದ್ದೆ ಬಡಿಸುತ್ತ ಮಂಜುಶ್ರೀ ತಾನಾಗಿಯೇ ಮಾತು ತೆಗೆದಳು. ಹಲಗೂರಿನ ಕಡೆ, ಶಿಂಷೆಯ ದಡದಲ್ಲಿ ಹುಟ್ಟಿ ಬೆಳೆದವಳು.

"ನಮ್ಮೂರಲ್ಲಿ ಒಳೆ ದಾಟೋರು ಎಲ್ಡು ಗುರ್ತು ಮಡಿಕತಾರೆ. ದಡದಲ್ಲೊಂದು, ಅದ್ರಿಂದೆ ಎತ್ರುಕ್ಕೆ ಇನ್ನೊಂದು. ಎಲ್ಡೂ ಸೇರ್ಕಂಡು ಒಂದೇ ಆಗಿ ಕಂಡ್ರೆ ನೆಟ್ಗೆ ಓಯ್ತಾ ಅವ್ನಿ ಅಂತ. ಬ್ಯಾರೆ ಬ್ಯಾರೆ ಆದ್ವೋ, ವಾಲ್ದೆ ಅಂತ."

"ನಾನೂವೆ ಅಂಗೇ ಬತ್ತಿದ್ದುದು ಕಣ್ಲಾ," ಎಂದ ಕರಿಯಯ್ಯ ಮಂಚದಿಂದ. "ತೂಬಿನ್ ಮೆಟ್ಲು, ಅದ್ರಿಂದೆ ಏರಿ ಮ್ಯಾಲ್ಗಡೆ ತಾಳೆಮರ. ಏರಿ ರೋಡ್ಗೆ ಟಾರ್ ಆಕೋವಾಗ ಆ ಮರ ಕಡ್ದಾಕ್ಬುಟ್ರಲ್ಲ, ಅಲ್ಕಟ್ ನನ್ಮಕ್ಳು."

"ಮೆಟ್ಲ ಮ್ಯಾಲೆ ನಾನ್ ನಿಂತ್ಕತೀನಿ, ಅಳದಿ ಸೀರೆ ಉಟ್ಕಂಡು," ಎಂದಳು ಮಂಜುಶ್ರೀ. "ತಾಳೆಮರ ಇದ್ದ ತಾವು ಸಿದ್ರಾಮು ಬಾವ ಕೆಂಪು ಟವಲ್ ಸುತ್ಕಂಡು ನಿಂತ್ಕತದೆ. ಆಗ್ಲೇ ಕೇಳಿವ್ನಿ."

ಪುಟ್ಟರಾಜುವಿನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಅವ್ನೇ ಯಾಕೆ? ಊರಲ್ಲಿ ಬ್ಯಾರೆ ಗಂಡಸ್ರು ಇಲ್ವಾ?"

"ಅದ್ರಷ್ಟು ಉದ್ದ ಇನ್ಯಾರವ್ರೆ ಯೋಳಿ?"

ಉದ್ದವಂತೆ ಉದ್ದ! ಮಂಜುಶ್ರೀಯನ್ನು ನೋಡಲು ಮೊದಲು ಹೋಗಿದ್ದವನು ಈ ಉದ್ದನೆಯವನೇ. ಜಾತಕ ಕೂಡದೆ ಆ ಸಂಬಂಧ ಪುಟ್ಟರಾಜುವಿನ ಮನೆಗೆ ಬಂದಿತ್ತು. ಜಾತಕ ಕೂಡಿಬಿಟ್ಟಿದ್ದರೆ? ಮದುವೆಯಾದಾಗಿನಿಂದ ಇದೊಂದು ಮಾತು ಹಲ್ಲಿನ ಸಂದಿಯ ನಾರಿನಂತೆ ಕೂತುಬಿಟ್ಟಿತ್ತು. ಇವಳೋ, ಆ ಸಿದ್ದರಾಮು ಏನಂದರೂ ನಗುತ್ತಾಳೆ. ಕೆರೆಗೆ ಕಾಲಿಡಲೂ ಹೆದರುವ ಪುಕ್ಕಲ ಅವನು! ಪುಟ್ಟರಾಜು ತಟ್ಟೆ ಸರಿಸಿ ಎದ್ದುಹೋದ.

ಬಾಗಿನದ ದಿನ ಆಚೆ ದಡದಲ್ಲಿ ಹಗ್ಗ ಬಿಗಿದುಕೊಂಡು ನೀರಿಗೆ ಇಳಿದಾಗಲೂ ಹೊಟ್ಟೆಕಿಚ್ಚು ತಣ್ಣಗಾಗಿರಲಿಲ್ಲ. ತಮಟೆ ಬಡಿಯುತ್ತಿತ್ತು, ಜನ ಮೊಬೈಲು ಹಿಡಿದಿದ್ದರು. ಮೊದಮೊದಲು ತಲೆಯೆತ್ತದೆ ಹಟಕ್ಕೆ ಬಿದ್ದವನಂತೆ ಕೈ ಬೀಸಿದ. ನಡುಗೆರೆಗೆ ಬಂದ ಮೇಲೆ ತಡೆಯಲಾಗದೆ ಕತ್ತೆತ್ತಿದ.

ಹಳದಿ ಬಲಕ್ಕಿತ್ತು. ಕೆಂಪು ಎಡಕ್ಕಿತ್ತು. ನಡುವೆ ನಾಲ್ಕು ಎತ್ತಿನಗಾಡಿ ನಿಲ್ಲಿಸುವಷ್ಟು ಜಾಗ. ಅಬ್ಬಾ, ದೂರ ದೂರ ನಿಂತಿದ್ದಾರಲ್ಲ ಎಂದು ಅವನ ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದರೆ, ಅದೇ ಖುಷಿಯಲ್ಲಿ ಇನ್ನೊಂದಷ್ಟು ಈಜಿದ. ಮತ್ತೆ ನೋಡಿದಾಗ ಇನ್ನೂ ದೂರವಾಗಿದ್ದರು. ಆಗ ಹೊಳೆಯಿತು. ಎಡಗಡೆಯಿಂದ ಮರಿತಾಯಮ್ಮನ ಕೂಗು ಬೇರೆ ಹತ್ತಿರವಾಗುತ್ತಿತ್ತು. "ಬಂದಾ ಕಣ್ರವ್ವಾ, ಇವತ್ತೂ ಬಂದಾ!"

ಅವರಿಬ್ಬರು ಒಂದಾಗಬೇಕು. ಒಂದು ಮಾಡಬೇಕಾದವನು ತಾನೇ. ಪುಟ್ಟರಾಜುವಿಗೆ ಅಳು ಬಂದಂತಾಯಿತು. ಥೂ ಎಂದು ನೀರು ಉಗಿದು ಬಲಕ್ಕೆ ಮೈ ತಿರುಗಿಸಿದ. ಕತ್ತೆತ್ತಿದ: ಹತ್ತಿರವಾದರು. ಇನ್ನಷ್ಟು ಬೀಸಿ ಎತ್ತಿದ: ಭುಜಕ್ಕೆ ಭುಜ ತಗುಲಿಸಿ ನಿಂತಂತೆ ಕಂಡರು. ಎದೆ ಉರಿಯಿತು. ಕಣ್ಣು ಮುಚ್ಚಿಬಿಡೋಣವೆನಿಸಿತು; ಮುಚ್ಚಿದರೆ ಮೈ ಬಾವಿಗೆ ಹೋಗುತ್ತದೆ. ಮುಚ್ಚಲಿಲ್ಲ. ಕೊನೆಗೆ ಹಳದಿಯ ನೆತ್ತಿಯ ಮೇಲೆ ಕೆಂಪು ಕೂತಿತು, ಒಂದೇ ಆಳು. ಆ ಒಂದೇ ಆಳನ್ನು ದುರುಗುಟ್ಟಿ ನೋಡುತ್ತಲೇ, ಮನಸ್ಸಿನಲ್ಲಿ ಬೈಯುತ್ತಲೇ, ಅತ್ತಿತ್ತ ಬಿಡದೆ ಈಜಿದ.

ಕೈಗೆ ಪಾಚಿಯ ಕಲ್ಲು ತಗುಲಿತು.

ಹಗ್ಗ ಎಳೆದು, ಮೊರಗಳನ್ನು ಎತ್ತಿ ತೂಬಿನ ಕಲ್ಲಿನ ಮೇಲಿಟ್ಟ. ಏರಿಯ ಮೇಲೆ ಶಿಳ್ಳೆ, ಕೇಕೆ. ಕಲ್ಲನ್ನು ತಬ್ಬಿಕೊಂಡು ಏದುಸಿರು ಬಿಡುತ್ತ ನೋಡಿದ. ದೂರದಿಂದ ಒಂದೇ ಆಗಿ ಕಂಡವರ ನಡುವೆ ಇಡೀ ಏರಿಯ ಮೆಟ್ಟಿಲುಗಳಿದ್ದವು. ಮೇಲೆ ಸಿದ್ದರಾಮು ಆಗಲೇ ಟವಲು ಬಿಚ್ಚಿ ತಮಟೆಗೆ ಕುಣಿಯುತ್ತಿದ್ದ. ಕೆಳಗೆ ಮಂಜುಶ್ರೀ ಅತ್ತ ತಿರುಗಿಯೂ ನೋಡಿರಲಿಲ್ಲ. ಮೆಟ್ಟಿಲು ಬಿಟ್ಟು ಸೊಂಟದವರೆಗೂ ನೀರಿಗೆ ಇಳಿದುಬಿಟ್ಟಿದ್ದಳು. ಗಂಡನಿಗೆ ಕಾಣಲೆಂದು ಎರಡೂ ಕೈ ಮೇಲೆತ್ತಿದ್ದಳು.

"ಬಂದೆ ಕಣೆ," ಎಂದು ಪುಟ್ಟರಾಜು ಕೂಗಿದ. "ಕೈ ಇಳ್ಸು."

ತಮಟೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕೈಗಳನ್ನು ಹಾಗೇ ಎತ್ತಿ ಹಿಡಿದು, ಅವನನ್ನೇ ನೋಡುತ್ತ ನಿಂತಿದ್ದಳು.